ಗೆದ್ದ ಊರಿನಲ್ಲೊಂದು ಮನೆ

ಲಾಯರಮ್ಮನಿಗೆ ಕೋರ್ಟು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಮಾತಿನಲ್ಲಿ ಅವಳನ್ನು ಸೋಲಿಸುವವರಿಲ್ಲ ಎಂದು ಬೀದಿಯವರು ಇಟ್ಟ ಹೆಸರದು. ಗಂಡನದು ಬೀಗ ರಿಪೇರಿ ಅಂಗಡಿ. ಪೇಟೆಯವರೆಲ್ಲ ಅವನನ್ನು ‘ಏನ್ ಬೀಗರೇ’ ಎಂದು ಕರೆಯುವರು, ಊರಿಗೆಲ್ಲ ಹೆಣ್ಣು ಕೊಟ್ಟವನ ಹಾಗೆ. ಅವನು ‘ಹೂಂ’ ಅನ್ನುವನು. ದಿನಕ್ಕೆ ಅಷ್ಟೇ ಅವನ ಮಾತು. ಮನೆಗೆ ಬೇಕಾದ ಉಳಿದ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು, ಮಿಕ್ಕಿದ್ದನ್ನು ಗಿರಾಕಿಗಳಿಗೆ ಹಂಚುತ್ತಿದ್ದಳು.

ಯುದ್ಧ ಶುರುವಾದ ಮೇಲಂತೂ ಕೇಳುವುದೇ ಬೇಡ. ಒಂದು ಬೀಗದಕೈ ಮಾಡಿಸಿಕೊಳ್ಳಲು ಬಂದವರು ಅದು ತಯಾರಾಗುವಷ್ಟು ಹೊತ್ತು ಅವಳ ವಾದ ಕೇಳಲೇಬೇಕು. ಯಂತ್ರದ ಕಿರ್ರ್ ಸದ್ದಿಗೂ ಮೀರಿದ ಗಂಟಲು ಅವಳದು.

“ಹೊಳೆಯಾಚೆ ಊರು ನಮ್ಮದಲ್ಲದೆ ಇನ್ಯಾರದ್ರೀ? ನಮ್ಮ ತಾತ ಅಲ್ಲಿಗೆ ಹೋಗಿ ಬರ್ತಿದ್ದಾಗ ಯಾರ ಅಪ್ಪಣೆ ಕೇಳ್ತಿದ್ರು? ಅವರು ಆಡೋದೂ ನಮ್ಮ ಮಾತೇ. ಕೊನೇಲಿ ಸ್ವಲ್ಪ ಎಳೀತಾರೆ, ಅಷ್ಟೇ. ಒಂದೇ ಮಾತಾಡೋರು ಒಂದೇ ದೇಶದಲ್ಲಿ ಇರ್ಬೇಕಪ್ಪ. ಅದೂ ಅಲ್ದೆ ಅವರಿಗೆ ಕಣ್ಣು ಹಾಯೋವರೆಗೂ ಜಾಗ. ನಾವು ಇಲ್ಲಿ ಒಬ್ಬರ ಮೇಲೊಬ್ಬರು ಮಲಗ್ತಾ ಇದ್ದೀವಿ.”

ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ತಡೆಯಲಾರದೆ ಕೇಳಿದರು: “ಅಲ್ಲಮ್ಮಾ, ನಿಮ್ಮ ಪಕ್ಕದ ಅಂಗಡಿಯವನಿಗೆ ಜಾಗ ಸಾಲ್ದು ಅಂತ ನಿಮ್ಮ ಗೋಡೆ ಒಡ್ಕೊಂಡು ಒಳಗೆ ಬಂದ್ರೆ ಸುಮ್ನಿರ್ತೀರಾ?”

“ಬರಲಿ ನೋಡೋಣ. ಸುತ್ತಿಗೆ ಇರೋದು ನಮ್ಮ ಅಂಗಡೀಲಿ!”

ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಮೇಷ್ಟ್ರು ಬೀಗದಕೈ ತೆಗೆದುಕೊಂಡು ಹೊರಟರು. ಅವರ ಪ್ರಶ್ನೆಗೆ ಅದು ಉತ್ತರವೇ ಅಲ್ಲ, ನಿಜ. ಆದರೆ ಆ ಬೀದಿಯಲ್ಲಿ ನಗು ಯಾರ ಕಡೆಗೋ ಗೆಲುವೂ ಅವರ ಕಡೆಗೇ. ಬರೀ ಆ ಬೀದಿಯಲ್ಲಿ ಅಂತಲ್ಲ, ಆ ದಿನಗಳಲ್ಲಿ ಇಡೀ ದೇಶವೇ ಹಾಗಿತ್ತು.

ತಾತನ ಮಾತು, ಭಾಷೆಯ ಮಾತು ಅವಳು ರೇಡಿಯೋದಿಂದ ಎತ್ತಿಕೊಂಡದ್ದು. ಜಾಗದ ಮಾತು ಮಾತ್ರ ಅವಳ ಸ್ವಂತದ್ದು. ಅಂಗಡಿಯ ಹಿಂದೆ ಒಂದೇ ಕೋಣೆ. ಅಡುಗೆ, ನಿದ್ದೆ, ಸ್ನಾನ, ಜಗಳ ಎಲ್ಲ ಅದರೊಳಗೇ. ಮಗಳು ಅಳಿಯ ರಾತ್ರಿ ಶಟರ್ ಎಳೆದ ಮೇಲೆ ಅಂಗಡಿಯಲ್ಲಿ, ಯಂತ್ರದ ಕಾಲ ಬುಡದಲ್ಲಿ ಹಾಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಮಗಳ ತಲೆ ಬಾಚಿದರೆ ಬಾಚಣಿಗೆಯಲ್ಲಿ ಹಿತ್ತಾಳೆ ಪುಡಿ ಬರುತ್ತಿತ್ತು. ಈಗ ಅವಳು ಬಸುರಿ. ಹುಟ್ಟುವ ಮಗು ಆ ಪುಡಿಯಲ್ಲಿ ಹೊರಳಾಡುವುದನ್ನು ನೆನೆದು ಲಾಯರಮ್ಮ ದಿನಕ್ಕೆ ಎರಡು ಸಲ ಅಂಗಡಿ ಗುಡಿಸುತ್ತಿದ್ದಳು. ಬಾಗಿಲಿರುವ ಒಂದು ಕೋಣೆ, ಬಾಣಂತಿ ಕಾಲು ಚಾಚುವಷ್ಟು ಜಾಗ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ದೇಶಕ್ಕೆ ಎಷ್ಟು ಬೇಕಾಗಿತ್ತೋ ಅದು ಅವಳಿಗೆ ಗೊತ್ತಿಲ್ಲ.

ಹೊಳೆಯಾಚೆ ಊರು ನಮ್ಮ ಸೈನ್ಯದ ಕೈಗೆ ಬಂತು. ಅಲ್ಲಿಯ ಜನ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು, ಮನೆಗಳಿಗೆ ಬೀಗ ಹಾಕಿಕೊಂಡು ಗುಡ್ಡದಾಚೆ ಓಡಿದರು. ಬೀಗ ಹಾಕಿಕೊಂಡು ಹೋದರು ಅನ್ನುವುದೇ ಸರ್ಕಾರಕ್ಕೆ ತಲೆನೋವಾಯಿತು. ಬಾಗಿಲು ಒಡೆದರೆ ಮನೆ ಹಾಳು. ಹಾಳು ಮನೆಗೆ ಯಾರು ಹೋಗಿ ಇರುತ್ತಾರೆ? ಹಾಗಾಗಿ ಒಂದು ಬೆಳಿಗ್ಗೆ ಜೀಪು ಬಂದು ಅಂಗಡಿಯ ಮುಂದೆ ನಿಂತಿತು, ಬೀಗರನ್ನು ಸಲಕರಣೆ ಸಮೇತ ಹತ್ತಿಸಿಕೊಂಡು ಹೋಯಿತು.

ಬೀಗರಿಗೆ ತಮ್ಮ ಅಪ್ಪನಿಂದ ಬಂದ ಎರಡು ಕಟ್ಟುಪಾಡುಗಳಿದ್ದವು. ಯಜಮಾನ ಪಕ್ಕದಲ್ಲಿ ನಿಲ್ಲದೆ ಯಾವ ಬೀಗವನ್ನೂ ಮುಟ್ಟಬಾರದು. ಬೀಗ ಕ್ಲಿಕ್ಕೆಂದ ತಕ್ಷಣ ಬಾಗಿಲಿಗೆ ಬೆನ್ನು ತಿರುಗಿಸಬೇಕು. ಒಳಗೆ ಏನಿದೆ ಎಂದು ಇಣುಕಿದ ಬೀಗದವನನ್ನು ನಾಳೆ ಯಾರೂ ಮನೆಗೆ ಕರೆಯುವುದಿಲ್ಲ. ಅವನು ಪೇಟೆಯಲ್ಲಿ ಇಷ್ಟು ವರ್ಷ ಬಾಳಿದ್ದೇ ಆ ಬೆನ್ನಿನ ಬಲದಿಂದ.

ಮೊದಲ ಮನೆಯ ಮುಂದೆ ಅವನು ಸುಮ್ಮನೆ ನಿಂತ. ಜೊತೆಗೆ ಬಂದಿದ್ದ ಅಧಿಕಾರಿಗೆ ಅರ್ಥವಾಗಲಿಲ್ಲ. “ಯಜಮಾನರು?” ಎಂದರು ಬೀಗರು.

“ನಾನೇ ಅಂದ್ಕೊಳ್ಳಪ್ಪ,” ಅಂದ ಅಧಿಕಾರಿ, ಆಕಳಿಸುತ್ತ.

ಅಂದುಕೊಂಡ. ಅಷ್ಟು ಸುಲಭ. ಆಮೇಲೆ ಇಡೀ ಬೀದಿ, ಆಮೇಲೆ ಪಕ್ಕದ ಬೀದಿ. ಒಂದೊಂದು ಬಾಗಿಲು ತೆರೆದಾಗಲೂ ಅವನು ತಪ್ಪದೆ ಬೆನ್ನು ತಿರುಗಿಸಿದ. ಹಳೆಯ ಬೀಗ ಕಿತ್ತು, ಸರ್ಕಾರ ಪೆಟ್ಟಿಗೆಗಟ್ಟಲೆ ಕಳಿಸಿದ್ದ ತಗಡಿನಂಥ ಹೊಸ ಬೀಗ ಕೂರಿಸಿದ. ಸಂಜೆ ಮನೆಗೆ ಬಂದವನನ್ನು ಲಾಯರಮ್ಮ ಬಿಡುತ್ತಾಳೆಯೇ?

“ಒಳಗೆಲ್ಲ ಹೇಗಿದೆ? ಏನೇನು ಬಿಟ್ಟು ಹೋಗಿದ್ದಾರೆ?”

“ನೋಡ್ಲಿಲ್ಲ.”

“ಅಷ್ಟು ಮನೆ ತೆಗೆದೂ ನೋಡ್ಲಿಲ್ವಾ?”

“ನಾನು ಯಾವತ್ತು ನೋಡಿದ್ದೀನಿ?”

ಯಜಮಾನನ ಮಾನ ಉಳಿಸಲೆಂದು ಇದ್ದ ಮರ್ಯಾದೆ ಅದು. ಈಗ ಅದೇ ಇವನ ನೆಮ್ಮದಿ ಉಳಿಸುವ ಕೆಲಸಕ್ಕೆ ಬಂತು. ಅದು ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ. ಆ ದಿನಗಳಲ್ಲಿ ಅವನ ‘ಹೂಂ’ ಕೂಡ ಕಡಿಮೆಯಾಗಿತ್ತು.

ಅಳಿಯ ಸೈನ್ಯಕ್ಕೆ ಸಾಮಾನು ಸಾಗಿಸುವ ಲಾರಿಯ ಡ್ರೈವರ್. ಅಂಥವರಿಗೆ ಗೆದ್ದ ಊರಿನಲ್ಲಿ ಮನೆ ಕೊಡುತ್ತಾರೆಂದು ಸುದ್ದಿ ಬಂದದ್ದೇ ತಡ, ಲಾಯರಮ್ಮ ಕಚೇರಿಗೆ ಹೋಗಿ ಕೂತಳು. ಅವಳ ಬಾಯಿ ಮುಚ್ಚಿಸಲೆಂದೇ ಬೇಗ ಕೊಟ್ಟಿರಬೇಕು. ಎರಡು ಕೋಣೆ, ಪ್ರತ್ಯೇಕ ಅಡುಗೆಮನೆ, ಮೇಲೊಂದು ರೂಮು. ಮಗಳು ಕೋಣೆಯಿಂದ ಕೋಣೆಗೆ ಹೋಗಿ ಬಾಗಿಲು ಹಾಕಿ ನೋಡಿದಳು, ತೆರೆದು ನೋಡಿದಳು, ಮತ್ತೆ ಹಾಕಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ತಾಯಿ ಮದುವೆಯ ದಿನವೂ ಕಂಡಿರಲಿಲ್ಲ.

ಅಡುಗೆಮನೆಯ ಸಿಂಕಿನಲ್ಲಿ ಒಂದು ಪಾತ್ರೆ ನೀರು ಹಾಕಿ ನೆನೆಸಿಟ್ಟದ್ದು ಹಾಗೇ ಇತ್ತು. ನೀರಿನ ಮೇಲೆ ಪಾಚಿಯಂಥ ಪದರ. ಮೂಗು ಮುಚ್ಚಿಕೊಂಡು ಲಾಯರಮ್ಮ ಅದನ್ನು ಉಜ್ಜಿದಳು.

“ಗಲೀಜು ಜನ,” ಅಂದಳು. ಸಂಜೆ ಬಂದು ತೊಳೆದರಾಯಿತು ಎಂದು ಯಾರೋ ನೆನೆಸಿಟ್ಟು ಹೋಗಿರಬೇಕು ಎಂಬುದು ಅವಳಿಗೆ ಹೊಳೆಯಲಿಲ್ಲ ಅಂತಲ್ಲ. ಹೊಳೆದದ್ದಕ್ಕೇ ಹಾಗಂದಳು.

ಆ ಮನೆಯಲ್ಲೇ ಬೀಗರು ತಮ್ಮ ಕಸುಬಿಗೆ ತಕ್ಕ ಒಂದು ತಪ್ಪು ಮಾಡಿದರು. ಮುಂಬಾಗಿಲಲ್ಲಿದ್ದದ್ದು ಹಳೇ ಕಾಲದ ಹಿತ್ತಾಳೆ ಬೀಗ. ಬಾಗಿಲನ್ನು ಎಳೆದುಕೊಂಡರೆ ತಾನೇ ಬೀಳುವಂಥದ್ದು. ಬೇರೆ ಮನೆಗಳಲ್ಲಿ ಕಿತ್ತ ಹಾಗೆ ಅದನ್ನು ಕೀಳಲು ಹೋದವನು ಬಿಚ್ಚಿ ಒಳಗೆ ನೋಡಿದ, ಎಣ್ಣೆ ಬಿಟ್ಟ, ಇನ್ನೊಮ್ಮೆ ನೋಡಿದ.

“ಇಂಥದ್ದು ಮಾಡೋರು ಈಗಿಲ್ಲ,” ಅಂದ. ತಗಡಿನ ಬೀಗವನ್ನು ಮೂಲೆಗೆ ಹಾಕಿ, ಹಳೆಯ ಬೀಗಕ್ಕೇ ಮೂರು ಬೀಗದಕೈ ಮಾಡಿ, ತಾನೊಂದು ಇಟ್ಟುಕೊಂಡು ಹೆಂಡತಿಗೂ ಮಗಳಿಗೂ ಒಂದೊಂದು ಕೊಟ್ಟ. ಮೊದಲಿನ ಬೀಗದಕೈ ಯಾರದೋ ಜೇಬಿನಲ್ಲಿ ಇನ್ನೂ ಇದೆ ಎಂಬುದು ಆ ಬೀಗದ ಮೇಲಿನ ಪ್ರೀತಿಯಲ್ಲಿ ಅವನಿಗೆ ಮರೆತೇ ಹೋಯಿತು.

ಮೊದಲ ಕೋಣೆಯ ಕಿಟಕಿಯ ಬಳಿ ಒಂದು ಹೊಲಿಗೆ ಮಿಷನ್ನಿತ್ತು, ಕೈಯಿಂದ ತಿರುಗಿಸುವಂಥದ್ದು, ಮರದ ಮುಚ್ಚಳದ್ದು. ಮಗಳು ಅದರಲ್ಲಿ ಹುಟ್ಟಲಿರುವ ಮಗುವಿಗೆ ಅಂಗಿ ಹೊಲಿಯಲು ಕೂತಳು. ಹೊಲಿಗೆ ಬರುತ್ತಿರಲಿಲ್ಲ. ಮಿಷನ್ನು ಇದ್ದದ್ದರಿಂದ ಕಲಿಯತೊಡಗಿದಳು. ಮನೆಗೆ ಬಂದವರಿಗೆಲ್ಲ ಲಾಯರಮ್ಮ ‘ನಮ್ಮ ಮನೆ’, ‘ನಮ್ಮ ಮಿಷನ್ನು’ ಅನ್ನುತ್ತಿದ್ದಳು. ನಾಲಿಗೆಗೆ ಅದೇನೂ ಕಷ್ಟವಾಗಲಿಲ್ಲ.

ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಅಳಿಯ ಲಾರಿಯ ಜೊತೆ ಹೋಗಿದ್ದ. ಮುಂಬಾಗಿಲಲ್ಲಿ ಬೀಗ ತಿರುಗಿದ ಸದ್ದಾಯಿತು. ಬೀಗರು ತುತ್ತನ್ನು ಕೈಯಲ್ಲೇ ಹಿಡಿದು ತಲೆಯೆತ್ತಿದರು. ಮೂರು ಬೀಗದಕೈಗಳೂ ಮನೆಯೊಳಗೇ ಇವೆ. ಇದು ಅವರು ಮಾಡಿದ ಕೈಯಲ್ಲ.

ಬಾಗಿಲು ತೆರೆಯಿತು. ಲಾಯರಮ್ಮನಷ್ಟೇ ವಯಸ್ಸಿನ ಹೆಂಗಸೊಬ್ಬಳು ಒಳಗೆ ಬಂದಳು. ಹೆಗಲಿಗೆ ಖಾಲಿ ಚೀಲ, ಎದೆಗೆ ಪಿನ್ನು ಹಾಕಿದ ಹಳದಿ ಚೀಟಿ. ಬಂದವಳೇ ಯಾವ ಕಡೆಯೂ ನೋಡದೆ ಚಪ್ಪಲಿ ಕಳಚಿ ಬಾಗಿಲ ಹಿಂದಕ್ಕೆ ಕಾಲಿನಿಂದಲೇ ಸರಿಸಿದಳು.

“ಏಯ್! ಯಾರೇ ನೀನು? ಕಂಡೋರ ಮನೆಗೆ ಹೇಳದೆ ಕೇಳದೆ ನುಗ್ತೀಯಾ? ಕಳ್ಳಿ!” ಲಾಯರಮ್ಮ ಎದ್ದೇಬಿಟ್ಟಳು.

“ಅಯ್ಯೋ, ತಪ್ಪಾಯ್ತು,” ಅಂದಳು ಆ ಹೆಂಗಸು. ಗಾಬರಿಯಲ್ಲಿ ಬರಿಗಾಲಲ್ಲೇ ಹೊರಗೆ ಹೋದಳು. ಬೀದಿಯಲ್ಲಿ ನಿಂತು ಬಾಗಿಲನ್ನು ನೋಡಿದಳು, ಮೇಲಿನ ಕಿಟಕಿ ನೋಡಿದಳು, ಪಕ್ಕದ ಮನೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಬೀಗದಕೈ ನೋಡಿಕೊಂಡಳು.

ಆಗ ಲಾಯರಮ್ಮನಿಗೆ ಎಲ್ಲ ತಿಳಿಯಿತು. ಕಿವಿಯವರೆಗೂ ಬಿಸಿಯೇರಿತು. ನಲವತ್ತು ಜನರ ಮುಂದೆ ಬಟ್ಟೆ ಜಾರಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಕಳ್ಳಿ ಎಂದು ಕರೆಸಿಕೊಂಡವಳು ತಪ್ಪಾಯ್ತು ಅಂದು ಹೋಗಿದ್ದಾಳೆ. ಕರೆದವಳ ಕೈಯಲ್ಲಿ ಆ ಹೆಂಗಸಿನದೇ ತಟ್ಟೆಯಿದೆ.

ಆ ಹೆಂಗಸು ಎರಡನೇ ಸಲ ಒಳಗೆ ಬಂದಾಗ ಹೊಸ್ತಿಲಲ್ಲೇ ನಿಂತಳು. ಮಾತಿನ ಕೊನೆಯನ್ನು ಸ್ವಲ್ಪ ಎಳೆಯುತ್ತಿದ್ದಳು, ಅಷ್ಟೇ. ಬೇರೆಲ್ಲ ಇವರ ಮಾತೇ.

“ಈ ಚೀಟಿ ಕೊಟ್ಟು ಒಂದು ದಿನಕ್ಕೆ ಅಂತ ಬಿಟ್ಟಿದ್ದಾರೆ, ಬಟ್ಟೆಬರೆ ತಗೊಂಡು ಹೋಗೋಕೆ. ಮನೇಲಿ ಯಾರೂ ಇರಲ್ಲ ಅಂದ್ಕೊಂಡಿದ್ದೆ. ಬೀಗ ಗಟ್ಟಿ ಅಲ್ವಾ ನಮ್ದು.” ಬೀದಿಯಿಂದ ನೋಡಿದಾಗ ಬೀಗವೂ ಅದೇ ಇತ್ತು, ಬಾಗಿಲಿಗೂ ಏನೂ ಆಗಿರಲಿಲ್ಲ. ಅವಳಾದರೂ ಇನ್ನೇನು ತಿಳಿದಾಳು?

ಬೀಗರು ಎದ್ದು, ಕೈ ಕೂಡ ತೊಳೆಯದೆ, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಲಾಯರಮ್ಮನಿಗೆ ಸಿಟ್ಟು ಬಂತು. ಎಲ್ಲವನ್ನೂ ತನ್ನ ತಲೆಗೆ ಕಟ್ಟಿ ಈ ಮನುಷ್ಯ ಗೋಡೆ ನೋಡುತ್ತಿದ್ದಾನೆ.

“ಬನ್ನಿ,” ಅಂದಳು. ಅಂದ ಮೇಲೆ ಅದೂ ಚುಚ್ಚಿತು. ಅವರ ಮನೆಗೇ ಅವರನ್ನು ಬನ್ನಿ ಅನ್ನಲು ತಾನು ಯಾರು?

ಹೆಂಗಸು ಒಳಗೆ ಬಂದು ಮೂವರನ್ನೂ ನೋಡಿದಳು. ಮಗಳ ಹೊಟ್ಟೆ ನೋಡಿದಳು. “ನೀವು ಎಷ್ಟು ದಿನ ಇರ್ತೀರಿ?” ಎಂದು ಕೇಳಿದಳು. ಕೊಂಕಿಲ್ಲ, ಜಗಳವಿಲ್ಲ. ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು.

ಲಾಯರಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

ಉತ್ತರಕ್ಕೆ ಕಾಯದೆ ಹೆಂಗಸು ಅಡುಗೆಮನೆಗೆ ಹೋದಳು. “ಥೂ, ಇದ್ಯಾರು ಒದ್ದೆ ಪಾತ್ರೆ ಮರದ ಹಲಗೆ ಮೇಲೆ ಇಟ್ಟಿರೋದು? ಉಬ್ಬಿ ಹೋಗುತ್ತೆ ಅಂತ ಎಷ್ಟು ಸಲ...” ಗದರಿದ ದನಿ ಅರ್ಧಕ್ಕೇ ನಿಂತಿತು. ಪಾತ್ರೆ ಎತ್ತಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮೆಲ್ಲಗೆ, “ಏನೋ ಅಂದ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ,” ಅಂದಳು.

ಗದರಿದ್ದರೇ ಚೆನ್ನಾಗಿತ್ತು. ಗದರಿದವರ ಜೊತೆ ಲಾಯರಮ್ಮ ಜಗಳವಾಡಬಲ್ಲಳು. ಎರಡು ಸಲ ಕ್ಷಮೆ ಕೇಳಿದವಳ ಜೊತೆ ಏನು ಮಾಡುವುದು?

ಹೆಂಗಸು ಅಲಮಾರಿಯಿಂದ ನಾಲ್ಕು ಬಟ್ಟೆ ಚೀಲಕ್ಕೆ ಹಾಕಿಕೊಂಡಳು. ಕಿಟಕಿಯ ಬಳಿ ಬಂದಳು. ಮಿಷನ್ನಿನ ಸೂಜಿಯ ಕೆಳಗೆ ಅಂಗೈಯಷ್ಟು ದೊಡ್ಡ ಅಂಗಿಯೊಂದು ಅರ್ಧ ಹೊಲಿದು ನಿಂತಿತ್ತು.

“ನಾನು ಬಂದಿದ್ದು ಇದಕ್ಕೇನೇ. ನನ್ನ ಕೆಲಸ ಇದು. ಇದಿದ್ರೆ ಅಲ್ಲಿ ಏನೋ ಹೊಲ್ಕೊಂಡು ತಿಂತೀವಿ. ಆದ್ರೆ ಬಟ್ಟೆ ಬಿಟ್ಟು ಬೇರೆ ಏನು ತಗೊಂಡು ಹೋದ್ರೂ ಮನೇಲಿರೋರು ಊರ ಗಡೀ ಗೇಟಿನವರೆಗೂ ಬಂದು, ನಾವೇ ಕೊಟ್ಟಿದ್ದು ಅಂತ ಹೇಳ್ಬೇಕಂತೆ.” ಅವಳು ಲಾಯರಮ್ಮನ ಮುಖ ನೋಡಿದಳು. “ಬರ್ತೀರಾ?”

ಮಗಳು ಎದ್ದು ಬಂದು ಮಿಷನ್ನಿನ ಮೇಲೆ ಕೈಯಿಟ್ಟಳು. “ಅಮ್ಮಾ, ಮಗುಗೆ ಇನ್ನೂ ಒಂದು ಅಂಗೀನೂ ಆಗಿಲ್ಲ.” ಆಮೇಲೆ ಹೆಂಗಸಿನ ಕಡೆ ತಿರುಗಿ, ಅಂಗಡಿಯಲ್ಲಿ ನೂರು ಸಲ ಕೇಳಿದ್ದ ಮಾತನ್ನೇ ಹೇಳಿದಳು: “ನೋಡಿ, ಈ ಊರು ಮೊದಲಿಂದಾನೂ ನಮ್ಮದೇ. ನಮ್ಮ ಮುತ್ತಾತನ ಕಾಲದಲ್ಲಿ...”

ತನ್ನದೇ ಮಾತು ಮಗಳ ಬಾಯಲ್ಲಿ ಬಂದದ್ದು ಕೇಳಿ ಲಾಯರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯಲ್ಲಿ ಇದೇ ಮಾತಿಗೆ ಜನ ತಲೆದೂಗುತ್ತಿದ್ದರು. ಇಲ್ಲಿ ಅದು ಸುಳ್ಳಾಗಿರಲಿಲ್ಲ. ಮುತ್ತಾತ ಇದ್ದದ್ದೂ ನಿಜ, ಹೊಳೆ ದಾಟುತ್ತಿದ್ದದ್ದೂ ನಿಜ. ಆದರೆ ಬರಿಗಾಲಲ್ಲಿ ನಿಂತ ಈ ಹೆಂಗಸಿಗೆ ಹೇಳುವ ಮಾತಾಗಿರಲಿಲ್ಲ ಅದು.

“ಇರಬಹುದು ತಾಯಿ,” ಅಂದಳು ಹೆಂಗಸು. “ನನಗೆ ಅಷ್ಟು ಹಿಂದಿಂದು ಗೊತ್ತಿಲ್ಲ. ಈ ಮನೆ ನಮ್ಮತ್ತೆ ಕಟ್ಟಿಸಿದ್ದು. ಮಿಷನ್ನು ನಾನು ತಗೊಂಡಿದ್ದು.” ಸೂಜಿ ಎತ್ತಿ, ಅಂಗಿಯನ್ನು ಎಳೆದು, ದಾರ ಹಲ್ಲಿನಿಂದ ಕಡಿದು ಮಗಳ ಕೈಗೆ ಕೊಟ್ಟಳು. “ಕಂಕುಳಲ್ಲಿ ಬಿಗಿ ಆಗಿದೆ. ಬಿಚ್ಚಿ ಹೊಲೀಬೇಕು.”

ಮಗಳು ಅಂಗಿ ಹಿಡಿದುಕೊಂಡು ಅಳತೊಡಗಿದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. “ಅವಳು ಮತ್ತೆ ಬಂದ್ರೆ ಏನಮ್ಮಾ? ರಾತ್ರಿ ಹೊತ್ತು ಬಂದ್ರೆ? ಕೀ ಅವಳ ಹತ್ರಾನೇ ಇದೆ,” ಎಂದು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಪಿಸುಮಾತು ಗೋಡೆಯ ಬಳಿ ನಿಂತಿದ್ದ ಅಪ್ಪನಿಗೂ ಕೇಳಿಸಿತು. ಹೆಂಗಸಿಗೂ ಕೇಳಿಸಿರಬೇಕು. ಅವಳು ಮಿಷನ್ನಿಗೆ ಮುಚ್ಚಳ ಹಾಕುತ್ತಿದ್ದಳು.

“ನಡೀರಿ, ಬರ್ತೀನಿ,” ಅಂದಳು ಲಾಯರಮ್ಮ. ಅದರಲ್ಲಿ ದಯೆ ಅರ್ಧ. ಅವಳು ಬೇಗ ಕಣ್ಣೆದುರಿನಿಂದ ಹೋದರೆ ಸಾಕು ಅನ್ನುವುದು ಇನ್ನರ್ಧ.

ಮಿಷನ್ನು ಭಾರ. ಹೆಂಗಸು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ ನಡೆದಳು. ಸ್ವಲ್ಪ ದೂರದ ಮೇಲೆ ಲಾಯರಮ್ಮ “ಕೊಡಿ ಇಲ್ಲಿ,” ಎಂದು ಕೈ ಚಾಚಿದಳು. ಅವಳು ಕೊಟ್ಟಳು. ಬೀದಿಯ ಎರಡೂ ಬದಿಗೆ ಬೀಗರು ತೆಗೆದ ಬಾಗಿಲುಗಳು. ಕೆಲವುಗಳಲ್ಲಿ ಹೊಸಬರು ಬಂದಿದ್ದರು. ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು ಅವರು ಈ ಇಬ್ಬರನ್ನೂ ನೋಡಿದರು. ಹೆಂಗಸು ಒಂದೊಂದು ಮನೆಯನ್ನೂ ನೋಡುತ್ತ, ಯಾರನ್ನೂ ಮಾತಾಡಿಸದೆ ನಡೆದಳು.

ಒಂದು ಕಟ್ಟೆಯ ಮೇಲೆ ಮಿಷನ್ನಿಳಿಸಿ ಇಬ್ಬರೂ ದಣಿವಾರಿಸಿಕೊಂಡರು. ಸುಮ್ಮನಿರಲು ಲಾಯರಮ್ಮನಿಗೆ ಆಗಲಿಲ್ಲ. ಒಂದು ಮಾತಾದರೂ ಹೇಳಬೇಕು, ಒಂದಾದರೂ ಇವಳು ಒಪ್ಪಬೇಕು. ರೇಡಿಯೋದಿಂದ ಕಲಿತದ್ದನ್ನೆಲ್ಲ ಬದಿಗಿಟ್ಟು ತನ್ನ ಸ್ವಂತದ್ದನ್ನು ತೆಗೆದಳು.

“ನಮಗೂ ಬೇರೆ ದಾರಿ ಇರಲಿಲ್ಲ ಕಣಮ್ಮ. ಒಂದೇ ಕೋಣೆ. ನಾಲ್ಕು ಜನ. ಬಸುರಿ ಹುಡುಗಿ ಅಂಗಡೀಲಿ ನೆಲದ ಮೇಲೆ ಮಲಗ್ತಿದ್ಲು. ಅವಳ ಬಾಣಂತನಕ್ಕೆ ಒಂದು ರೂಮು ಬೇಕಿತ್ತು, ಅಷ್ಟೇ.”

ಹೆಂಗಸು ಅವಳನ್ನು ಆಶ್ಚರ್ಯದಿಂದ ನೋಡಿದಳು. “ರೂಮಾ? ನಮ್ಮ ಮಹಡಿ ರೂಮು ಬಾಡಿಗೆಗೆ ಇತ್ತಲ್ಲ. ಬೋರ್ಡು ಹಾಕಿ ಹಾಕಿ ಸಾಕಾಗಿತ್ತು. ಆಗ ಹೊಳೆ ದಾಟೋಕೆ ಬಿಡ್ತಿದ್ರು. ಬಂದು ಕೇಳಿದ್ರೆ ಕೊಡ್ತಿದ್ದೆ.”

ಅವಳು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಆ ರೂಮಿನ ಬಗ್ಗೆಯೇ ಯೋಚಿಸುತ್ತಿದ್ದಳು. “ಮೂಲೇಲಿ ಸ್ವಲ್ಪ ಸೋರುತ್ತೆ. ರಿಪೇರಿ ಮಾಡಿಸ್ಕೊಳ್ಳಿ,” ಎಂದೂ ಸೇರಿಸಿದಳು.

ಲಾಯರಮ್ಮ ಮಿಷನ್ನನ್ನು ಎತ್ತಿಕೊಂಡಳು. ಗೇಟಿನವರೆಗೂ ಅದನ್ನು ಅವಳೇ ಹೊತ್ತಳು, ಕೈ ಬಿದ್ದು ಹೋಗುವ ಹಾಗಿದ್ದರೂ ಬದಲಾಯಿಸಲಿಲ್ಲ. ಬೋರ್ಡು ಹಾಕಿದ್ದಳಂತೆ. ಇಷ್ಟು ಫಿರಂಗಿ, ಇಷ್ಟು ಲಾರಿ, ಗುಡ್ಡದ ಮೇಲೆ ಅಷ್ಟು ಹೆಣ. ಇವಳು ಬೋರ್ಡು ಹಾಕಿದ್ದಳಂತೆ.

ಗೇಟಿನ ಕಾವಲುಗಾರ ಲವಲವಿಕೆಯ ಆಸಾಮಿ. ಹೆಂಗಸಿನ ಹಳದಿ ಚೀಟಿ ನೋಡಿ, “ಏನೇ ಅದು ಪೆಟ್ಟಿಗೆ? ಎಲ್ಲಿ ಹೊಡ್ಕೊಂಡು ಬಂದೆ?” ಅಂದ. ಲಾಯರಮ್ಮನನ್ನು ಕಂಡು ಟೋಪಿ ಸರಿ ಮಾಡಿಕೊಂಡ. “ನೀವು ಮನೆಯವರಾ ಅಮ್ಮಾ? ನೀವೇ ಕೊಟ್ಟಿದ್ದಾ?”

ಇದು ಇವರದ್ದೇ, ನಾನು ಕೊಡೋಕೆ ಯಾರು ಎಂಬ ಮಾತು ಲಾಯರಮ್ಮನ ನಾಲಿಗೆಯ ತುದಿಯಲ್ಲಿತ್ತು. ಆದರೆ ಹಾಗಂದರೆ ಮಿಷನ್ನು ಆಚೆ ಹೋಗುವುದಿಲ್ಲ. ಈ ಗೇಟಿನಲ್ಲಿ ಅವರ ವಸ್ತು ಅವರಿಗೆ ದಕ್ಕಬೇಕಾದರೆ ಅದು ಇವಳ ದಾನವಾಗಬೇಕು.

“ಹೌದು. ನಾನೇ ಕೊಟ್ಟೆ.”

“ದೊಡ್ಡ ಮನಸ್ಸು ನಿಮ್ದು!” ಕಾವಲುಗಾರನಿಗೆ ನಿಜವಾಗಿಯೂ ಖುಷಿಯಾಯಿತು. ಹೆಂಗಸಿನ ಕಡೆ ತಿರುಗಿದ. “ನೋಡ್ದೇನೇ? ಇಂಥ ಜನ ನಾವು. ಒಂದು ಥ್ಯಾಂಕ್ಸ್ ಆದ್ರೂ ಹೇಳು ಅವರಿಗೆ.”

ಬೇಡ ಅನ್ನಬಹುದಿತ್ತು. ಲಾಯರಮ್ಮ ಅನ್ನಲಿಲ್ಲ.

“ಉಪಕಾರ ಆಯ್ತು,” ಅಂದಳು ಹೆಂಗಸು, ಮಿಷನ್ನಿನ ಹಿಡಿಯನ್ನು ಹಿಡಿದುಕೊಂಡು.

“ಇನ್ನೊಂದು,” ಅಂದ ಕಾವಲುಗಾರ. “ಮನೆ ಕೀ ಏನಾದ್ರೂ ಇಟ್ಕೊಂಡಿದ್ದಾಳಾ ಅಮ್ಮಾ? ಕೆಲವರು ಇಟ್ಕೊಂಡಿರ್ತಾರೆ. ಒಳ್ಳೇದಲ್ಲ ನೋಡಿ, ನೀವು ಸಂಸಾರಸ್ಥರು.”

ಹೆಂಗಸು ಇವಳ ಕಡೆ ನೋಡಲಿಲ್ಲ. ಗೇಟಿನಾಚೆಯ ದಾರಿ ನೋಡುತ್ತಿದ್ದಳು. ಅವಳ ಇನ್ನೊಂದು ಕೈ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದಿತ್ತು. ಇಲ್ಲ ಅನ್ನಲು ಒಂದು ಉಸಿರು ಸಾಕಿತ್ತು. ಕಾವಲುಗಾರ ಹುಡುಕುವವನೂ ಅಲ್ಲ. ಲಾಯರಮ್ಮನ ಕಣ್ಣ ಮುಂದೆ ಮಗಳು ಬಂದಳು, ಪಕ್ಕದಲ್ಲಿ ಮಗು, ಮತ್ತೆ ಬಾಗಿಲಲ್ಲಿ ತಿರುಗುವ ಬೀಗದ ಸದ್ದು.

“ಇದೆ,” ಅಂದಳು.

“ಕೊಡೇ ಅವರ ಕೈಗೆ.”

ಹೆಂಗಸು ಚೀಲದಿಂದ ತೆಗೆದು ಕೊಟ್ಟಳು. ಉದ್ದ ಕಾಲಿನ ಹಿತ್ತಾಳೆ ಬೀಗದಕೈ, ಬೆರಳು ತಾಗಿ ತಾಗಿ ಹಿಡಿ ನುಣುಪಾಗಿತ್ತು. ಬೈಯಲಿಲ್ಲ, ಅಳಲಿಲ್ಲ. ಚೀಲ ಹೆಗಲಿಗೇರಿಸಿ, ಮಿಷನ್ನನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಗೇಟು ದಾಟಿದಳು. ಬರಿಗಾಲಲ್ಲೇ ಹೋಗುತ್ತಿದ್ದಾಳೆ, ಚಪ್ಪಲಿ ಮನೆಯ ಬಾಗಿಲ ಹಿಂದೆಯೇ ಉಳಿದಿದೆ ಎಂಬುದು ಲಾಯರಮ್ಮನಿಗೆ ಆಗ ಕಂಡಿತು. ಕೂಗಿ ಕರೆಯಲು ಹೆಸರು ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಮನೆಗೆ ವಾಪಸು ಬರುವ ದಾರಿಯಲ್ಲಿ ಲಾಯರಮ್ಮ ತನ್ನ ಪರವಾಗಿ ತಾನೇ ವಾದ ಹೂಡಿದಳು. ತಾಯಿಯಾದವಳು ಮತ್ತೇನು ಮಾಡಬೇಕಿತ್ತು? ಅವರು ಗೆದ್ದಿದ್ದರೆ ನಮ್ಮನ್ನು ಬಿಡುತ್ತಿದ್ದರೇ? ಮಿಷನ್ನು ಕೊಡಿಸಿದ್ದು ತಾನೇ ಅಲ್ಲವೇ? ಒಂದೊಂದೂ ಒಳ್ಳೆಯ ಪಾಯಿಂಟೇ. ಆದರೆ ಒಂದೊಂದರ ಕೊನೆಗೂ ಆ ‘ಉಪಕಾರ ಆಯ್ತು’ ಬಂದು ಕೂರುತ್ತಿತ್ತು. ಹಾಳಾದ್ದು, ಅವಳು ಒಂದು ಸಲ ಉಗಿದಿದ್ದರೂ ಎಷ್ಟೋ ಹಗುರವಾಗುತ್ತಿತ್ತು.

ಮನೆಯ ಹೊಸ್ತಿಲ ಮೇಲೆ ಬೀಗರು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಹಿತ್ತಾಳೆ ಬೀಗ ಪಕ್ಕದಲ್ಲಿ ಬಟ್ಟೆಯ ಮೇಲಿತ್ತು. ಬಾಗಿಲಲ್ಲಿ ತಗಡಿನ ಹೊಸ ಬೀಗ ಕೂತಾಗಿತ್ತು. ಕೊನೆಯ ಸ್ಕ್ರೂ ಬಿಗಿಯುತ್ತಿದ್ದವರು ಹೆಂಡತಿಯನ್ನು ಕಂಡು, ಒಂದು ವರ್ಷದಲ್ಲಿ ಆಡದಷ್ಟು ಮಾತು ಒಂದೇ ಉಸಿರಿಗೆ ಆಡಿದರು.

“ನೀವು ಆ ಕಡೆ ಹೋದ ತಕ್ಷಣ ಕೂತೆ. ಇನ್ನು ಮಗಳು ಹೆದರೋದು ಬೇಡ. ಅವರ ಹತ್ರ ಕೀ ಕೇಳೋದೂ ಬೇಡ. ಅದರಲ್ಲಿ ಬಾಗಿಲು ತೆಗೆಯೋಕೆ ಬರದಿದ್ರೆ ಏನಾಯ್ತು, ಅವರ ಮನೆ ಕೀ ಅವರ ಹತ್ರಾನಾದ್ರೂ ಇರಲಿ. ನಮ್ಮಿಂದ ಅಷ್ಟಾದ್ರೂ ಆಗಲಿ ಅಂತ.”

ಲಾಯರಮ್ಮ ಮುಷ್ಟಿ ಬಿಚ್ಚಿದಳು.

ಅಂಗೈಯಲ್ಲಿದ್ದದ್ದನ್ನು ಬೀಗರು ನೋಡಿದರು. ಒಂದೇ ನೋಟಕ್ಕೆ ಗುರುತು ಹಿಡಿಯುವವರು. ಯಾಕೆ ಎಂದು ಕೇಳಲಿ, ಕೇಳಿದರೆ ಏನಾದರೂ ಹೇಳುತ್ತೇನೆ ಎಂದು ಅವಳು ಕಾದಳು. ಅವರು ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಹಾಕಿದರು.

“ಗೇಟಿನವನು ಕೇಳಿದ,” ಅಂದಳು ಅವಳು. “ಇದೆ ಅಂದ್ಬಿಟ್ಟೆ.”

ಒಳಗಿನಿಂದ ಮಗಳ ದನಿ ಬಂತು: “ಅಮ್ಮಾ, ಹೋದ್ಲಾ ಅವಳು?”

ಹೊಸ್ತಿಲ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಅವನು ಕೂತರು. ಹೊಳೆ ದಾಟಿದರೆ ತಮ್ಮ ಅಂಗಡಿ ಹಾಗೇ ಇತ್ತು, ಹಿಂದಿನ ಕೋಣೆಯೂ ಇತ್ತು. ಸಾಮಾನು ಕಟ್ಟಿದರೆ ಕತ್ತಲಾಗುವುದರೊಳಗೆ ತಲುಪಬಹುದಿತ್ತು. ವಾಪಸು ಹೋಗೋಣ ಎಂಬ ಮಾತು ಇಬ್ಬರ ಮನಸ್ಸಿಗೂ ಬಂತು. ಅವನು ಆಡುತ್ತಾನೇನೋ ಎಂದು ಅವಳು ಕಾದಳು, ಅವಳು ಆಡಲಿ ಎಂದು ಅವನು ಕಾದ. ಲಾಯರಮ್ಮನ ಬಾಯಿಗೆ ಅದೊಂದು ಮಾತು ಮಾತ್ರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮಗಳಿಗೆ ಹಸಿವಾಗಿರುತ್ತದೆ ಎಂದು ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು.